ಹೊರಗಿನ ಅಲಾಯ್‌ಗೆ ಸರಿಯಾದ ಉದ್ದದ ಬೋಲ್ಟು ಹುಡುಕಿದ್ದು: ನನ್ನ ಅನುಭವ

8 ತಿಂಗಳಾಯ್ತು, ಒಂದು ಪೂರ್ತಿ ಮಳೆಗಾಲ ಕಳೀತು, ಹತ್ತಿರ ಹತ್ತಿರ 11 ಸಾವಿರ ಕಿಲೋಮೀಟರ್ ಓಡಿದೆ, ಕಾರಿಗೆ ಹಾಕಿದ ಹೊರಗಿನ (ಕಂಪನಿಯದಲ್ಲದ) ಅಲಾಯ್ ವೀಲಿನ 20 ಬೋಲ್ಟಲ್ಲಿ, ಮೊದಲ 80 ಕಿಲೋಮೀಟರಿನ ಚೆಕ್ ಬಿಟ್ರೆ, ಒಂದೂ ಕದಲಿಲ್ಲ. ಅದಕ್ಕೇ ಈಗ ಬರೀತಿದೀನಿ. ಮೊದಲೇ ಹೇಳಿದ್ರೆ ನಮ್ಮ ವಿರಾಜಪೇಟೆ ಕಡೆಯವರು "ಮಳೆ ಬರ್ಲಿ, ಆಮೇಲೆ ಮಾತಾಡು" ಅಂತಿದ್ರು.

ಗಾಡಿ ನನ್ನ 2014ರ ಪೋಲೋ. ಮೈಸೂರಲ್ಲಿ ಸೆಕೆಂಡ್ ಹ್ಯಾಂಡ್ 16 ಇಂಚಿನ ಅಲಾಯ್ ಸಿಕ್ತು, ನಾಲ್ಕಕ್ಕೆ 22 ಸಾವಿರ, ಪಿಸಿಡಿ (ಬೋಲ್ಟು ತೂತುಗಳ ಸಂಖ್ಯೆ, ಅವು ಕೂರೋ ವೃತ್ತದ ಅಳತೆ) 5×100 ಸರಿಯಾಗೇ ಇತ್ತು, ನಡುವಿನ ತೂತು ಮಾತ್ರ 73.1 ಮಿಮೀ, ನಮ್ಮ ಹಬ್ಬು (ವೀಲು ಕೂರೋ ಭಾಗ) 57.1. ಆ ಸಂದು ತುಂಬೋ ರಿಂಗ್ ಹಾಕಿದ್ರೆ ಮುಗೀತು ಅಂದ್ಕೊಂಡೆ. ಬೋಲ್ಟಿನ ಬಗ್ಗೆ ಯೋಚನೆನೇ ಮಾಡಿರ್ಲಿಲ್ಲ.

ಟೈರ್ ಅಂಗಡಿಲಿ ಕಂಪನಿ ಬೋಲ್ಟನ್ನೇ ಹಾಕಿ ಬಿಗಿದ್ರು. "ಎಲ್ಲಾ ಒಂದೇ ಅಣ್ಣ, ಟೈಟ್ ಆಯ್ತಲ್ಲ." ವಾರ ಆಗಿತ್ತೋ ಇಲ್ವೋ, ಮಡಿಕೇರಿಯಿಂದ ಸಂಪಾಜೆ ಘಾಟಿ ಇಳೀತಾ ಎಡಗಡೆ ಮುಂದೆ ಟಕ್ ಟಕ್ ಅಂತ ಶುರುವಾಯ್ತು, ಸೈಡಿಗೆ ಹಾಕಿ ನೋಡಿದ್ರೆ ಎರಡು ಬೋಲ್ಟು ಬೆರಳಲ್ಲೇ ತಿರುಗ್ತಿದೆ. ಹೆಂಡ್ತಿ ಮಗು ಗಾಡಿಲಿದ್ರು. ಆವತ್ತು ಕೈ ನಡುಗಿದ್ದು ಇನ್ನೂ ನೆನಪಿದೆ.

ಕಾರಣ ಸೀಟು, ಅಂದ್ರೆ ಬೋಲ್ಟಿನ ತಲೆ ಕೆಳಗೆ ವೀಲಿಗೆ ತಾಗೋ ಭಾಗ: ಕಂಪನಿ ಬೋಲ್ಟು ಬಾಲ್ ಸೀಟು (ಗುಂಡಗೆ), ಹೊರಗಿನ ವೀಲು 60 ಡಿಗ್ರಿ ಕೋನ್ ಸೀಟು (ಓರೆ). ಆದ್ರೆ ಕೇಳಿದ್ದಕ್ಕಿಂತ ಕಣ್ಣಲ್ಲಿ ನೋಡಿದ್ರೆ ಬೇರೆ. ಮನೆಲಿದ್ದ ಕುಂಕುಮನ ಎಣ್ಣೆಲಿ ಕಲಸಿ (ಯಾವ ಎಣ್ಣೆ, ಎಷ್ಟು ಅನ್ನೋದು ನನ್ನ ಹತ್ರನೇ ಇರ್ಲಿ, ಐದಾರು ಸಲ ಹಾಳು ಮಾಡಿ ಕಂಡುಕೊಂಡಿದ್ದು) ಬೋಲ್ಟಿನ ಸೀಟಿಗೆ ತೆಳುವಾಗಿ ಬಳಿದು ಹಗುರಾಗಿ ಬಿಗಿದು ಬಿಚ್ಚಿದೆ. ಬಾಲ್ ಬೋಲ್ಟು ವೀಲಿಗೆ ತಾಗಿರೋದು ದಾರದಷ್ಟು ಸಣ್ಣ ಗೆರೆ, ಅಷ್ಟೇ. ಕೋನ್ ಬೋಲ್ಟು ಹಾಕಿದಾಗ ಅಗಲವಾಗಿ ಪೂರ್ತಿ ಉಂಗುರ ಮೂಡ್ತು. ನಾಲ್ಕೂ ವೀಲಿಗೆ ಹೀಗೆ ನೋಡ್ದೆ, ಆಮೇಲೆ ಥಿನ್ನರಲ್ಲಿ ಚೆನ್ನಾಗಿ ಒರೆಸಿದೆ, ಒರೆಸದೆ ಬಿಗಿಯೋ ಹಾಗಿಲ್ಲ.

ಸರಿ, ಕೋನ್ ಬೋಲ್ಟು ಬೇಕು. ಎಂ14 (14 ಮಿಮೀ ದಪ್ಪ), 1.5 ಪಿಚ್ (ಥ್ರೆಡ್ಡಿನ ಅಂತರ), 28 ಮಿಮೀ ಉದ್ದದ ಸೆಟ್ ತಂದೆ, 1,800 ರೂಪಾಯಿ. ಬಿಗಿವಾಗ ಸುತ್ತು ಎಣಿಸಿದೆ, ಆರೇ ಸುತ್ತಿಗೆ ನಿಂತೋಯ್ತು. ಹಳೇ ವೀಲು, ಹಳೇ ಬೋಲ್ಟಲ್ಲಿ ಎಣಿಸಿದ್ರೆ ಹತ್ತು. ಒಂದು ಸುತ್ತಿಗೆ ಒಂದೂವರೆ ಮಿಮೀ, ಅಂದ್ರೆ 15 ಮಿಮೀ ಹಿಡೀತಿದ್ದ ಜಾಗದಲ್ಲಿ ಈಗ 9. ಎಂ14 ಬೋಲ್ಟಿಗೆ ಕನಿಷ್ಠ 14 ಮಿಮೀ ಹಿಡೀಲೇಬೇಕು ಅನ್ನೋದು ನನ್ನ ಲೆಕ್ಕ. ನಮ್ಮ ಮೆಕ್ಯಾನಿಕ್ ಅಣ್ಣ ಒಪ್ಪಲಿಲ್ಲ, "ನಟ್ಟಿಗೆ ಆರು ಸುತ್ತು ಸಾಕಾಗಲ್ವಾ" ಅಂದ್ರು. ಅವರ ತಪ್ಪಲ್ಲ, ಇಲ್ಲಿ ಜೀಪು ಮಾರುತಿನೇ ಜಾಸ್ತಿ, ಎಲ್ಲಾ ಸ್ಟಡ್ಡು ನಟ್ಟು (ಹಬ್ಬಿಂದ ಚಾಚಿರೋ ಸ್ಟಡ್ಡಿಗೆ ಹೊರಗಿಂದ ನಟ್ಟು), ನಟ್ಟು ಎಷ್ಟು ಥ್ರೆಡ್ ಹಿಡಿದಿದೆ ಅಂತ ಎಷ್ಟೋ ಸಲ ಹೊರಗಡೆನೇ ಕಾಣತ್ತೆ. ಬೋಲ್ಟಲ್ಲಿ ಏನಾಗ್ತಿದೆ ಅನ್ನೋದು ಹಬ್ಬಿನ ಒಳಗೆ, ಎಣಿಸದೆ ಗೊತ್ತಾಗಲ್ಲ.

ಆಮೇಲೆ ನಾನು ಮಾಡಿದ ತಪ್ಪು: ಉದ್ದ ಇದ್ರೆ ಸೇಫು ಅಂತ 40 ಮಿಮೀದು ತರಿಸಿದೆ, 3,000 ಹೋಯ್ತು. ಮುಂದೆ ಚೆನ್ನಾಗೇ ಕೂತಂಗೆ ಅನ್ನಿಸ್ತು. ಹಿಂದೆ ಡ್ರಮ್ ಬ್ರೇಕು. ಜಾಕಿ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು ಕೈಯಲ್ಲಿ ತಿರುಗಿಸಿದೆ, ಗರ್ ಗರ್ ಅಂತ ಒಳಗೆ ಎಲ್ಲೋ ಉಜ್ಜೋ ಸದ್ದು. ಓಡಿಸದೆ ನೋಡಿದ್ದು ಒಳ್ಳೇದಾಯ್ತು. ಉದ್ದದ ಬೋಲ್ಟಲ್ಲಿ ಇನ್ನೊಂದು ಮೋಸ ಇದೆ, ತುದಿ ಒಳಗೆ ಏನಕ್ಕಾದ್ರೂ ತಾಗಿ ನಿಂತ್ರೂ ಸ್ಪ್ಯಾನರಿಗೆ ಟೈಟ್ ಆದಂಗೇ ಅನ್ಸತ್ತೆ, ವೀಲು ಮಾತ್ರ ಹಿಡಿದಿರಲ್ಲ.

ಆಗ ಕೂತು ಅಳೆದೆ. ಹಳೇ ವೀಲಲ್ಲಿ ಕಂಪನಿ ಬೋಲ್ಟು ಸೀಟಿಗೆ ಪೂರ್ತಿ ಕೂರಿಸಿ, ಹಿಂದೆ ಹಬ್ಬಿಗೆ ತಾಗೋ ಮುಖದಿಂದ ತುದಿ ಎಷ್ಟು ಹೊರಗೆ ಬಂತು ಅಂತ ವರ್ನಿಯರಲ್ಲಿ ನೋಡಿದೆ, ಸುಮಾರು 21. ಹೊಸ ವೀಲಲ್ಲಿ 28ರ ಕೋನ್ ಬೋಲ್ಟು ಕೂರಿಸಿದ್ರೆ 15. ಆರು ಕಮ್ಮಿ. 28ಕ್ಕೆ ಆರು ಸೇರಿಸಿ 34, ಅಂಗಡಿಲಿ ಸಿಗೋದು 35. ಅಷ್ಟೇ ಲೆಕ್ಕ. ಈ 21ರಲ್ಲಿ ಡಿಸ್ಕಿನ ದಪ್ಪ ಒಂದು 6 ಹೋಗತ್ತೆ, ಉಳಿದಿದ್ದೇ ಥ್ರೆಡ್ಡಿಗೆ. ಹಿಂದೆ ಡ್ರಮ್ಮಿನ ದಪ್ಪ ಬೇರೆ, ಮುಂದೆ ಹಿಂದೆ ಬೇರೆ ಬೇರೆನೇ ಸುತ್ತು ಎಣಿಸಿ. ಮಧ್ಯದಲ್ಲಿ ಒಬ್ಬ ಫ್ರೆಂಡು 5 ಮಿಮೀ ಸ್ಪೇಸರ್ (ವೀಲು ಹಬ್ಬಿನ ನಡುವೆ ಕೂರೋ ಬಿಲ್ಲೆ) ಹಾಕು, ಲುಕ್ ಬರತ್ತೆ ಅಂದ, ಹಾಕಿದ್ರೆ ಬೋಲ್ಟು ಇನ್ನೂ 5 ಉದ್ದ ಬೇಕು, ಹಬ್ಬಿನ ತುಟಿಲಿ (ನಡುವೆ ಹೊರಗೆ ಚಾಚಿರೋ ಅಂಚು) ರಿಂಗು ಕೂರೋ ಜಾಗನೂ ಕಮ್ಮಿ ಆಗತ್ತೆ. ಬೇಡ ಅಂದೆ.

35 ಆರ್ಡರ್ ಮಾಡಿದ್ರೆ ಬಂದಿದ್ದು ನೋಡಿ ತಲೆ ಕೆಟ್ಟೋಯ್ತು. ಆ ಮಾರಾಟಗಾರರು ಕೋನ್ ಸೇರಿಸಿ ಅಳೆದಿದ್ರು, ಕೋನ್ ಕೆಳಗಿಂದ ಅಳೆದ್ರೆ 26 ಬಂತು. ಬಾಲು, ಕೋನು ಎರಡರಲ್ಲೂ ಉದ್ದ ಅಂದ್ರೆ ಸೀಟು ಮುಗಿದ ಜಾಗದಿಂದ ತುದಿವರೆಗೆ. 2,400 ನೀರಲ್ಲಿ ಹೋಯ್ತು, ವಾಪಸ್ ತಗೊಳ್ಳಲಿಲ್ಲ. ಮೂರು ಸೆಟ್ಟು ಸೇರಿ 7 ಸಾವಿರದ ಮೇಲೆ ಹೋಗಿತ್ತು, ಮನೆಲಿ ಮಾವ ದಿನಾ "ಕಂಪನಿ ವೀಲಿಗೆ ಏನಾಗಿತ್ತು" ಅಂತ ಕೇಳ್ತಿದ್ರು, ಕಾಫಿ ರೇಟು ಚೆನ್ನಾಗಿದ್ದ ವರ್ಷ ಅಂತ ಸುಮ್ಮನಿದ್ರು ಅಷ್ಟೇ.

ಕೊನೆಗೆ ಬೆಂಗಳೂರಿಗೆ ಹೋದಾಗ ವರ್ನಿಯರ್ ಜೇಬಲ್ಲಿಟ್ಕೊಂಡು ಹೋದೆ. ಅಂಗಡಿ ಯಾವುದು ಅಂತ ಹೇಳಲ್ಲ. ಕೌಂಟರಲ್ಲೇ ಒಂದೊಂದೂ ಅಳೆದು, ತಲೆ ಮೇಲೆ 10.9 (ಬೋಲ್ಟಿನ ಬಲದ ಗ್ರೇಡು) ಅಂತ ಒತ್ತಿರೋದನ್ನೇ ಆರಿಸಿ 35ರ ಬೋಲ್ಟು 20 ತಂದೆ, 3,600 ಆಯ್ತು. ಮುಂದೆ ಹತ್ತೂವರೆ ಸುತ್ತು, ಹಿಂದೆ ಹತ್ತರ ಮೇಲೆ ಸ್ವಲ್ಪ, ಕೈಯಲ್ಲಿ ತಿರುಗಿಸಿದ್ರೆ ಒಂದು ಸದ್ದಿಲ್ಲ.

ವೇಸ್ಟ್ ಆದ 40ರ ಬೋಲ್ಟಲ್ಲಿ ಐದನ್ನ ಲೇತಲ್ಲಿ 5 ಮಿಮೀ ಕಡಿಸಿ ತುದಿ ಚಾಂಫರ್ (ಅಂಚು ಓರೆ) ಮಾಡಿಸಿ ನೋಡ್ದೆ, ಚೆನ್ನಾಗೇ ಹೋಯ್ತು, ಆದ್ರೆ ಅದರ ಮೇಲೆ ಗ್ರೇಡೇ ಇರ್ಲಿಲ್ಲ, ರೋಡಿಗೆ ಹಾಕೋಕೆ ಮನಸಾಗಲಿಲ್ಲ. ಎರಡರ ತಲೆ ಕತ್ತರಿಸಿ ಗೈಡ್ ಪಿನ್ ಮಾಡ್ಕೊಂಡೆ, ಹಬ್ಬಿಗೆ ತಿರುಗಿಸಿ ವೀಲು ಅದರ ಮೇಲೆ ನೇತು ಹಾಕಿದ್ರೆ ಒಬ್ಬನೇ ಹಾಕಬಹುದು, ಕಾಲಲ್ಲಿ ಎತ್ತಿ ಹಿಡಿಯೋ ಕಷ್ಟ ಇಲ್ಲ. ಪ್ಲಾಸ್ಟಿಕ್ ಹಬ್ ರಿಂಗು ಘಾಟಿ ಬ್ರೇಕಿನ ಬಿಸಿಗೆ ಎರಡೇ ತಿಂಗಳಲ್ಲಿ ಸೊಟ್ಟಗಾಯ್ತು, ಅಲ್ಯೂಮಿನಿಯಂದು ಮಾಡಿಸಿದೆ, 1,200. 80ರಲ್ಲಿ ಸ್ಟೇರಿಂಗ್ ನಡುಗ್ತಿದ್ದದ್ದು ಆವತ್ತಿಗೇ ನಿಲ್ತು.

ಬಿಗಿಯೋದು 120 ನ್ಯೂಟನ್ ಮೀಟರ್, ಟಾರ್ಕ್ ರೆಂಚಲ್ಲೇ (ಎಷ್ಟು ಬಿಗೀತು ಅಂತ ಅಳೆಯೋ ಸ್ಪ್ಯಾನರ್), ನಕ್ಷತ್ರದ ಥರ ಒಂದು ಬಿಟ್ಟು ಒಂದು. ಆ ರೆಂಚು 2,900 ಕೊಟ್ಟು ತಗೊಂಡೆ, ಈ ಇಡೀ ಕೆಲಸದಲ್ಲಿ ಬೇಜಾರಿಲ್ಲದೆ ಕೊಟ್ಟ ದುಡ್ಡು ಅದೊಂದೇ. ನಮ್ಮ ಮಳೆಗೆ ತುಕ್ಕು ಹಿಡಿಯತ್ತೆ ಅಂತ ಇಲ್ಲಿ ಎಲ್ರೂ ಥ್ರೆಡ್ಡಿಗೆ ಗ್ರೀಸ್ ಹಚ್ತಾರೆ, ನಾನು ಹಚ್ಚಲ್ಲ, ಗ್ರೀಸ್ ಇದ್ರೆ ಅದೇ 120ಕ್ಕೆ ಬೋಲ್ಟು ಜಾಸ್ತಿ ಎಳೆದುಕೊಳ್ಳತ್ತೆ. ವೈರ್ ಬ್ರಶ್ ಹಾಕಿ ಥ್ರೆಡ್ಡೂ ಹಬ್ಬಿನ ಮುಖವೂ ಕ್ಲೀನ್ ಮಾಡ್ತೀನಿ, ನಡುವಿನ ತುಟಿಗೆ ಮಾತ್ರ ಸ್ವಲ್ಪ ಗ್ರೀಸ್. 80 ಕಿಲೋಮೀಟರ್ ಆದಮೇಲೆ ಮತ್ತೆ ನೋಡಿದಾಗ ಎರಡು ಚೂರು ತಿರುಗಿತ್ತು, ಆಮೇಲೆ ತಿಂಗಳಿಗೊಮ್ಮೆ ನೋಡ್ತೀನಿ, ಏನೂ ಇಲ್ಲ. ಆ ಮೆಕ್ಯಾನಿಕ್ ಅಣ್ಣ ಈಗ ಇಂಥ ಗಾಡಿ ಬಂದ್ರೆ ನಂಗೇ ಫೋನ್ ಮಾಡಿ ಎಷ್ಟು ಸುತ್ತು ಅಂತ ಕೇಳ್ತಾರೆ.

ಇನ್ನೊಂದು, ಇದನ್ನ ಯಾರೂ ಹೇಳಿರ್ಲಿಲ್ಲ. ಜುಲೈಲಿ ಮಾಕುಟ್ಟ ರೋಡಲ್ಲಿ ಪಂಕ್ಚರ್, ಸಂಜೆ ಐದೂವರೆ, ಜಡಿಮಳೆ, ಆನೆ ಓಡಾಡೋ ಜಾಗ. ಸ್ಟೆಪ್ನಿ ಕಂಪನಿಯ ಕಬ್ಬಿಣದ ವೀಲು, ಬಾಲ್ ಸೀಟು, ನನ್ನ ಹತ್ರ ಇರೋದು 35ರ ಕೋನು. ಅದು ಸೀಟಿಗೂ ಸೇರಲ್ಲ, ಉದ್ದನೂ ಜಾಸ್ತಿ. ತಮ್ಮ ಮನೆಯಿಂದ ಹಳೇ ಬೋಲ್ಟು ಹಿಡ್ಕೊಂಡು ಬೈಕಲ್ಲಿ ಬರೋವರೆಗೆ ಒಂದೂವರೆ ಗಂಟೆ ಗಾಡಿಲೇ ಕೂತಿದ್ದೆ, ಕಾಲೆಲ್ಲಾ ಜಿಗಣೆ. ಈಗ ಐದು ಕಂಪನಿ ಬೋಲ್ಟು ಒಂದು ಕಾಫಿಪುಡಿ ಕವರಲ್ಲಿ ಸುತ್ತಿ ಡಿಕ್ಕಿಲಿ ಸ್ಟೆಪ್ನಿ ಒಳಗೇ ಇಟ್ಟಿದೀನಿ, ಪಕ್ಕದಲ್ಲಿ 17ರ ತೆಳು ಸಾಕೆಟ್ಟು.