ರೆಡಿಂಗ್‌ನ ಚರ್ಚ್ ಹಾಲ್‌ನಲ್ಲಿ ನಾನು ಬೆಲ್ಲಿ ಡ್ಯಾನ್ಸ್ ಕಲಿತದ್ದು

ಬೆಲ್ಲಿ ಡ್ಯಾನ್ಸ್ ಅಂದ ತಕ್ಷಣ ಎಲ್ಲರ ಗಮನ ಹೊಟ್ಟೆ ಕಡೆಗೇ ಹೋಗುತ್ತದೆ. ಕೆಲಸ ಶುರುವಾಗುವುದು ಮಾತ್ರ ಮಂಡಿಯಿಂದ. ಇದು ಮೈಗೆ ಅರ್ಥವಾದ ಮೇಲೆಯೇ ಈ ಕುಣಿತ ನನಗೆ ಒಲಿದದ್ದು. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಮ್ಮ ಕನ್ನಡದ ಗೆಳತಿಯರು ಆಗಾಗ ಕೇಳುತ್ತಿರುತ್ತಾರೆ, ಎಲ್ಲಿ ಕಲಿತೆ, ಕಷ್ಟಾನಾ, ಹೊಟ್ಟೆ ತೋರಿಸಿಕೊಂಡೇ ಕುಣಿಯಬೇಕಾ ಅಂತ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಟ್ಟೆ ವಿಷಯ ಮುಗಿಸಿಬಿಡೋಣ. ಹೊಟ್ಟೆ ತೋರಿಸಬೇಕಾಗಿಲ್ಲ. ನಮ್ಮ ಕ್ಲಾಸಿನಲ್ಲಿ ಹೆಚ್ಚಿನವರು ಲೆಗಿಂಗ್ಸ್, ಟೀ ಶರ್ಟ್ ಹಾಕಿಕೊಂಡು ಬರುತ್ತಾರೆ, ಸೊಂಟಕ್ಕೊಂದು ಸ್ಕಾರ್ಫ್ ಕಟ್ಟಿಕೊಳ್ಳುತ್ತಾರೆ. ಕಾಸು ಪೋಣಿಸಿದ ಸ್ಕಾರ್ಫ್ ಆದರೆ ಒಳ್ಳೆಯದು, ಅದರ ಸದ್ದಿನಿಂದಲೇ ಪೆಟ್ಟು ತಾಳಕ್ಕೆ ಸರಿಯಾಗಿ ಬಿತ್ತಾ ಇಲ್ಲವಾ ಗೊತ್ತಾಗುತ್ತದೆ. ಟೀ ಶರ್ಟ್ ತೀರಾ ದೊಗಳೆ ಬೇಡ, ಟೀಚರಿಗೆ ಸೊಂಟ ಬೆನ್ನು ಕಾಣದಿದ್ದರೆ ತಿದ್ದುವುದು ಹೇಗೆ? ಬರಿಗಾಲಲ್ಲಿ ಕುಣಿಯಬಹುದು, ಆದರೆ ಚಳಿಗಾಲದಲ್ಲಿ ಆ ಮರದ ನೆಲದ ಮೇಲೆ ಕಾಲು ಮರಗಟ್ಟುತ್ತದೆ. ಸಾಕ್ಸ್ ಜಾರುತ್ತದೆ. ಬ್ಯಾಲೆಯವರು ಹಾಕುವ ಮೆತ್ತನೆ ಶೂ ಒಂದು ಜೊತೆ ಕೊಂಡರೆ ಸಾಕು.

ಕ್ಲಾಸಿನ ಸುದ್ದಿ ನನಗೆ ಸಿಕ್ಕಿದ್ದು ಲೈಬ್ರರಿಯ ನೋಟಿಸ್ ಬೋರ್ಡಿನಲ್ಲಿ. ವಾರಕ್ಕೊಂದು ಸಂಜೆ, ಒಂದು ಗಂಟೆ, ಚರ್ಚ್ ಹಾಲ್‌ನಲ್ಲಿ. ಇಂಗ್ಲೆಂಡಿನ ಊರುಗಳಲ್ಲಿ ಇಂಥ ಕ್ಲಾಸುಗಳು ನಡೆಯುವುದು ಹೀಗೇ, ಚರ್ಚ್ ಹಾಲ್ ಇಲ್ಲವೇ ಕಮ್ಯುನಿಟಿ ಸೆಂಟರ್ ಬಾಡಿಗೆಗೆ ಹಿಡಿದು. ನಮ್ಮದಕ್ಕೆ ಒಂದು ಕ್ಲಾಸಿಗೆ ಸುಮಾರು 8 ಪೌಂಡ್ ಬೀಳುತ್ತದೆ, ಇಡೀ ಟರ್ಮಿನ ದುಡ್ಡು ಒಟ್ಟಿಗೆ ಕೊಡಬೇಕು, ಶಾಲೆಗಳಿಗೆ ಹಾಫ್ ಟರ್ಮ್ ರಜೆ ಬಂದಾಗ ನಮಗೂ ರಜೆ. ಬರುವವರಲ್ಲಿ ನರ್ಸ್ ಇದ್ದಾರೆ, ಅಕೌಂಟೆಂಟ್ ಇದ್ದಾರೆ, ರಿಟೈರ್ ಆದ ಶಾಲಾ ಟೀಚರ್ ಇದ್ದಾರೆ, ಮಂಡಿ ಆಪರೇಷನ್ ಆಗಿ ಡಾಕ್ಟರನ್ನು ಕೇಳಿಕೊಂಡೇ ಬರುವ ಅಜ್ಜಿಯೊಬ್ಬರಿದ್ದಾರೆ. ದಪ್ಪ, ಸಣ್ಣ ಅನ್ನುವ ಮಾತೇ ಅಲ್ಲಿ ಬರುವುದಿಲ್ಲ. ಇದು ನನಗೆ ತುಂಬಾ ಇಷ್ಟವಾಯಿತು. ನಮ್ಮಲ್ಲಿ ಹೆರಿಗೆಯಾದ ಹೆಂಗಸು ತನ್ನ ಹೊಟ್ಟೆ ಬಗ್ಗೆ ಎಷ್ಟು ಮಾತು ಕೇಳಿಸಿಕೊಳ್ಳಬೇಕು, ಯೋಚಿಸಿ.

ಈಗ ಮಂಡಿಗೆ ಬರುತ್ತೇನೆ. ಮೊದಲ ಪಾಠ ನಿಲ್ಲುವುದು. ಪಾದ ನೇರ ಮುಂದಕ್ಕೆ, ಎರಡರ ನಡುವೆ ಸೊಂಟದಷ್ಟು ಅಗಲ, ಮಂಡಿ ಸಡಿಲ, ಬೆನ್ನಿನ ಬುಡ ಕೆಳಕ್ಕೆ, ಎದೆ ಸ್ವಲ್ಪ ಮೇಲಕ್ಕೆ. ನಾನು ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಭರತನಾಟ್ಯ ಕಲಿತವಳು. ಅದರ ಅರಮಂಡಿಯಲ್ಲಿ, ಅಂದರೆ ಅರ್ಧ ಕೂತ ನಿಲುವಿನಲ್ಲಿ, ಪಾದ, ಮಂಡಿ ಎರಡೂ ಹೊರಕ್ಕೆ ತಿರುಗಿರಬೇಕು, ಸೊಂಟದಿಂದ ಮೇಲಿನ ಮೈ ಅಲುಗಬಾರದು, ಕಾಲು ನೆಲಕ್ಕೆ ಗಟ್ಟಿಯಾಗಿ ತಟ್ಟಬೇಕು. ಇಲ್ಲಿ ಎಲ್ಲ ಬೇರೆ. ಎದೆ ನಿಂತಿರುವಾಗ ಸೊಂಟ ಮಾತ್ರ ಆಡಬೇಕು, ಸೊಂಟ ನಿಂತಿರುವಾಗ ಎದೆ ಮಾತ್ರ. ವರ್ಷಗಟ್ಟಲೆ ಒಂದೇ ಆಗಿ ನಿಂತು ರೂಢಿಯಾದ ಮೈಯನ್ನು ಹೀಗೆ ಬಿಡಿಬಿಡಿಯಾಗಿ ಆಡಿಸಲು ಸಮಯ ಹಿಡಿಯುತ್ತದೆ.

ಹಿಪ್ ಡ್ರಾಪ್ ಅನ್ನುವುದನ್ನೇ ತೆಗೆದುಕೊಳ್ಳಿ. ಭಾರವೆಲ್ಲ ಎಡಗಾಲಿನ ಮೇಲೆ. ಬಲಗಾಲನ್ನು ಒಂದು ಚೂರು ಮುಂದಿಟ್ಟು ಹಿಮ್ಮಡಿ ಎತ್ತಬೇಕು, ಬೆರಳಿನ ಬುಡ ಮಾತ್ರ ನೆಲಕ್ಕೆ ತಾಗಿರಬೇಕು. ಬಲ ಮಂಡಿಯನ್ನು ನೇರ ಮಾಡುತ್ತಾ ಬಂದರೆ ಬಲ ಸೊಂಟ ತಾನಾಗಿಯೇ ಮೇಲೇರುತ್ತದೆ. ಈಗ ಮಂಡಿ ಬಿಟ್ಟುಬಿಡಿ. ಸೊಂಟ ಕೆಳಗೆ ಬೀಳುತ್ತದೆ. ಅಷ್ಟೇ! ಸೊಂಟವನ್ನು ಎಳೆದು ತಳ್ಳುವ ಕೆಲಸ ಏನೂ ಇಲ್ಲ. ಶಿಮ್ಮಿ ಕೂಡ ಹಾಗೆಯೇ, ಎರಡೂ ಮಂಡಿಯನ್ನು ಒಂದಾದ ಮೇಲೊಂದು ಸಣ್ಣದಾಗಿ ಹಿಂದೆ ಮುಂದೆ ಮಾಡುತ್ತಾ ಬೇಗ ಬೇಗ ಮಾಡಿದರೆ ಸೊಂಟ ನಡುಗುತ್ತದೆ. ಪೃಷ್ಠದ ಸ್ನಾಯು ಬಿಗಿ ಹಿಡಿದರೆ ನಡುಕ ಅಲ್ಲೇ ನಿಂತುಹೋಗುತ್ತದೆ. ತೊಡೆ ಸಕತ್ ನೋಯುತ್ತದೆ. ನಾನು ಮನೆಯಲ್ಲಿ ಟೀಗೆ ಕೆಟಲ್ ಇಟ್ಟಾಗಲೆಲ್ಲ ನೀರು ಕುದಿಯುವ ತನಕ ಶಿಮ್ಮಿ ಮಾಡುತ್ತಿದ್ದೆ. ಇಂಗ್ಲೆಂಡಿನಲ್ಲಿ ದಿನಕ್ಕೆ ಕೆಟಲ್ ಎಷ್ಟು ಸಲ ಇಡುತ್ತೇವೆ ಅಂತ ಇಲ್ಲಿರುವವರಿಗೆ ಗೊತ್ತಲ್ವಾ, ಅಭ್ಯಾಸಕ್ಕೆ ಬೇರೆ ಹೊತ್ತು ಹುಡುಕಬೇಕಾಗಲೇ ಇಲ್ಲ.

ಭರತನಾಟ್ಯದ ಮೈ ಅಡ್ಡ ಬಂದರೂ ಕಿವಿ ಕೈಹಿಡಿಯಿತು. ಟೀಚರ್ ಇಂಗ್ಲಿಷ್ ಹೆಂಗಸು, ಈಜಿಪ್ಟಿನ ಕೈರೋಗೆ ಹೋಗಿ ಕಲಿತು ಬಂದವರು, ಹಾಡು ಹಾಕುವ ಮುಂಚೆ ತಾಳವನ್ನು ಬಾಯಲ್ಲಿ ಹೇಳಿಸುತ್ತಾರೆ. ತಬಲಾ ಅಂತ ಈಜಿಪ್ಟಿನವರು ಕರೆಯುವ ವಾದ್ಯ ನಮ್ಮ ತಬಲಾ ಅಲ್ಲ, ಹೂದಾನಿ ಆಕಾರದ ಒಂದೇ ಮುಖದ ಚರ್ಮವಾದ್ಯ. ಅದರ ನಡುವೆ ಬಡಿದರೆ ದುಂ, ಅಂಚಿಗೆ ಬಡಿದರೆ ತಕ್. ಮಖ್ಸೂಮ್ ಅನ್ನುವ ತಾಳ ಹೀಗಿದೆ: ದುಂ ತಕ್, ತಕ್ ದುಂ, ತಕ್. ಇದರ ಎರಡನೇ ಪೆಟ್ಟನ್ನು ದುಂ ಮಾಡಿ, ಅದು ಬಲಾದಿ. ಎರಡನೆಯದನ್ನು ಹಾಗೇ ಬಿಟ್ಟು ಮೂರನೇ ಪೆಟ್ಟನ್ನು ದುಂ ಮಾಡಿ, ಅದು ಸಯೀದಿ, ದಕ್ಷಿಣ ಈಜಿಪ್ಟಿನ ಹಳ್ಳಿಗಳ ಕೋಲಿನ ಕುಣಿತದ ತಾಳ. ಒಂದೇ ಒಂದು ಪೆಟ್ಟು ಬದಲಾದರೆ ಕುಣಿತದ ಜಾಯಮಾನವೇ ಬೇರೆ! ನಾನು ಆದಿತಾಳ ಹಾಕಿಕೊಂಡು ಹೇಳಿ ನೋಡಿದೆ, ಮೂರೂ ಎಂಟು ಅಕ್ಷರದೊಳಗೆ ನೀಟಾಗಿ ಕೂರುತ್ತವೆ. ನಮ್ಮ ಗುರುಗಳು ಕೋಲು ತಟ್ಟಿ ಸೊಲ್ಲುಕಟ್ಟು ಹೇಳಿಸುತ್ತಿದ್ದದ್ದು ಇಷ್ಟು ದೂರ ಬಂದು ಉಪಯೋಗಕ್ಕೆ ಬಂತು.

ಹಾಡು ಆರಿಸುವಾಗ ಒಂದು ಮಾತು. ಸುಮ್ನೆ ಯಾವುದೋ ಅರೇಬಿಕ್ ಪಾಪ್ ಹಾಕಿಕೊಂಡು ಕುಣಿಯಬೇಡಿ. ಹೊಸ್ಸಾಮ್ ರಮ್ಝಿ ಅವರನ್ನು ಕೇಳಿ. ಕೈರೋದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ತಾಳವಾದ್ಯಗಾರ, 2019ರಲ್ಲಿ ತೀರಿಕೊಂಡರು, ಕುಣಿಯುವವರಿಗಂತಲೇ ಎಷ್ಟೋ ಆಲ್ಬಂ ಮಾಡಿಟ್ಟಿದ್ದಾರೆ. ಆಮೇಲೆ ಈಜಿಪ್ಟಿನ ಹೆಸರಾಂತ ಗಾಯಕಿ ಉಮ್ ಕುಲ್ಸೂಮ್ ಅವರನ್ನು ಕೇಳಿ. ಒಂದೊಂದು ಹಾಡು ಗಂಟೆಗಟ್ಟಲೆ ಹೋಗುತ್ತದೆ, ನಾವು ಕುಣಿಯುವುದು ಹೆಚ್ಚಾಗಿ ಹಾಡಿಗೆ ಮುಂಚೆ ಬರುವ ವಾದ್ಯದ ಭಾಗಕ್ಕೆ. ತಕ್ಸೀಮ್ ಬಂದಾಗ ನನಗೆ ಬಲು ಖುಷಿ, ನಮ್ಮ ಆಲಾಪನೆಯ ಹಾಗೆ ಒಂದೇ ವಾದ್ಯ, ಹಿಂದೆ ಚರ್ಮವಾದ್ಯ ಇಲ್ಲ, ಸೊಂಟದಲ್ಲಿ ನಿಧಾನಕ್ಕೆ ಎಂಟು ಬರೆಯುತ್ತಾ ಸ್ವರದ ಹಿಂದೆ ಹೋಗಬೇಕು.

ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ಹೇಳಿದಾಗ, "ಹಿಂದಿ ಸಿನಿಮಾದಲ್ಲಿ ಕ್ಯಾಬರೆ ಅಂತ ಕುಣೀತಾರಲ್ಲ, ಅದೇನೇ?" ಅಂದರು. ನನಗೆ ಬೇಜಾರಾಗಲಿಲ್ಲ, ಅವರು ನೋಡಿರುವುದು ಅಷ್ಟೇ. ಈ ಕುಣಿತಕ್ಕೆ ಕ್ಲಬ್ಬಿನ ಇತಿಹಾಸವೂ ಇದೆ, ಮುಚ್ಚಿಡಬೇಕಾಗಿಲ್ಲ. ಬದಿಯಾ ಮಸಾಬ್ನಿ ಎಂಬ ಹೆಂಗಸು 1926ರಲ್ಲಿ ಕೈರೋದಲ್ಲಿ ಕ್ಲಬ್ ತೆರೆದು ಇದನ್ನು ದೊಡ್ಡ ವೇದಿಕೆಗೆ ತಂದಳು, ಸಾಮಿಯಾ ಗಮಾಲ್, ತಹಿಯಾ ಕರಿಯೋಕಾ ಅಂಥ ಹೆಸರುವಾಸಿಗಳು ಅಲ್ಲಿಂದಲೇ ಬಂದವರು. ಆದರೆ ಅದರ ಬೇರು ಮನೆಗಳಲ್ಲಿದೆ, ಮದುವೆಗಳಲ್ಲಿದೆ. ನಮ್ಮ ಕ್ಲಾಸಿಗೆ ಕೆಲವು ತಿಂಗಳು ಕೈರೋದವರೊಬ್ಬರು ಬರುತ್ತಿದ್ದರು. "ನಮ್ಮಲ್ಲಿ ಇದನ್ನ ಯಾರೂ ಹೇಳಿಕೊಡಲ್ಲ, ಮದುವೆಗಳಲ್ಲಿ ಅಮ್ಮನ್ನ, ಚಿಕ್ಕಮ್ಮಂದಿರನ್ನ ನೋಡಿ ಕಲೀತೀವಿ" ಅನ್ನುತ್ತಿದ್ದರು. ಅವರು ಕುಣಿಯುವಾಗ ನಿಂತ ಜಾಗ ಬಿಟ್ಟು ಹೆಚ್ಚು ಅಲುಗುತ್ತಿರಲಿಲ್ಲ. ಭುಜ ಸಡಿಲ, ಮುಖದಲ್ಲಿ ಪಕ್ಕದವರ ಜೊತೆ ಹರಟುತ್ತಿರುವ ನಗು, ಸೊಂಟ ಮಾತ್ರ ಒಂದೊಂದು ದುಂ ಅನ್ನೂ ಬಿಡದೆ ಹಿಡಿಯುತ್ತಿತ್ತು. ಅವರನ್ನು ನೋಡಿದ ಮೇಲೆ ನಾನು ಕೈಕಾಲು ಬೀಸುವುದನ್ನು ಅರ್ಧಕ್ಕರ್ಧ ಕಡಿಮೆ ಮಾಡಿದೆ.

ಟರ್ಮ್ ಮುಗಿದಾಗ ಹಫ್ಲಾ, ಅಂದರೆ ಪಾರ್ಟಿ, ಇರುತ್ತದೆ. ಎಲ್ಲರೂ ಒಂದೊಂದು ಅಡುಗೆ ತರುತ್ತಾರೆ, ಮನೆಯವರನ್ನೂ ಕರೆದುಕೊಂಡು ಬರುತ್ತಾರೆ, ಕಲಿತವರು ಗುಂಪಿನಲ್ಲಿ ಕುಣಿಯುತ್ತಾರೆ, ಕೊನೆಗೆ ಎಲ್ಲರೂ. ನಾನು ಚಿತ್ರಾನ್ನ ಮಾಡಿಕೊಂಡು ಹೋಗಿದ್ದೆ, ಪಾತ್ರೆ ಖಾಲಿಯಾಯಿತು. ನಮ್ಮ ಗುಂಪಿನ ಕುಣಿತದ ವಿಡಿಯೋ ಅಮ್ಮನಿಗೆ ಕಳಿಸಿದೆ. ಅವರು ಎರಡು ಸಲ ನೋಡಿ, "ಆ ಬೆಳ್ಳಿ ಕೂದಲಿನ ಅಜ್ಜಿ ಎಷ್ಟು ಚೆನ್ನಾಗಿ ಕುಣೀತಾರೆ, ಅವರಿಗೆ ಮಂಡಿ ನೋವಿಲ್ವಾ?" ಅಂದರು. ಆಪರೇಷನ್ ವಿಷಯ ಹೇಳಿದೆ.

ಸೇರಬೇಕು ಅಂದುಕೊಂಡವರು ಟೀಚರನ್ನು ಎರಡು ಮಾತು ಕೇಳಿ: ತಾಳ ಹೇಳಿಕೊಡುತ್ತೀರಾ, ಎಲ್ಲಿ ಕಲಿತಿರಿ. ಬರೀ ಸ್ಟೆಪ್ ಹೇಳಿಕೊಡುವ ಕ್ಲಾಸಾದರೆ ಬೇರೆ ಹುಡುಕಿ. ಸೊಂಟ ನೋವು, ಡಿಸ್ಕ್ ತೊಂದರೆ ಇದ್ದವರು ಮೊದಲೇ ಹೇಳಿಬಿಡಿ, ಹಿಂದಕ್ಕೆ ಬಾಗುವಂಥವನ್ನು ಬಿಟ್ಟು ಬೇರೆ ಮಾಡಿಸುತ್ತಾರೆ. ನಮಗೆ ಈ ಟರ್ಮಿನಲ್ಲಿ ಸಗಾತ್ ಶುರುವಾಗಿದೆ, ಹೆಬ್ಬೆರಳಿಗೂ ನಡುಬೆರಳಿಗೂ ಹಾಕಿಕೊಳ್ಳುವ ಪುಟ್ಟ ಹಿತ್ತಾಳೆ ತಾಳಗಳು. ನಿಂತಲ್ಲಿ ಬಾರಿಸಲು ಬಂದಿದೆ, ಇನ್ನು ನಡೆಯುತ್ತಾ ಬಾರಿಸಬೇಕು.