ದೂರದೂರಲ್ಲಿ ರೊಟ್ಟಿ ಬಡಿಯುವವರಿಗೆ

ನನ್ನಂತೆ ವಿಜಯಪುರ ಕಡೆಯಿಂದ ದಿಲ್ಲಿಗೆ ಬಂದು ನೆಲೆಸಿದವರಿಗೆ ಒಂದು ಮಾತು. ಊರಿಗೆ ಹೋದಾಗ ಜೋಳದ ಹಿಟ್ಟು ತರಬೇಡಿ, ಜೋಳವನ್ನೇ ತನ್ನಿ. ಹಿಂಗಾರಿ ಬಿಳಿಜೋಳ, ಅದರಲ್ಲೂ ಮಾಲ್ದಂಡಿ ತಳಿ ಸಿಕ್ಕರೆ ಬಿಡಲೇಬೇಡಿ. ಹಿಟ್ಟು ಹಳತಾದಷ್ಟೂ ಅದರ ಜಿಗುಟು ಹೋಗುತ್ತದೆ, ಬಡಿಯುವಾಗ ಅಂಚು ಸೀಳುತ್ತದೆ. ನಾನು ವರ್ಷಗಟ್ಟಲೆ ಕೈ ಮರೆತುಹೋಯಿತು ಅಂದುಕೊಂಡು ಸಂಕಟಪಟ್ಟಿದ್ದೆ!

ಇಲ್ಲಿನ ಹಿಟ್ಟಿನ ಗಿರಣಿಯಲ್ಲಿ ಎಂಟು-ಹತ್ತು ದಿನಕ್ಕಾಗುವಷ್ಟೇ ಬೀಸಿಸಿ. ಮೊದಲು ಬೀಳುವ ಹಿಟ್ಟಿನಲ್ಲಿ ಗೋಧಿ ಬೆರೆತಿರುತ್ತದೆ, ಅದನ್ನು ಬೇರೆ ತೆಗೆದಿಡಿ. ಕುದಿಯುವ ಎಸರು ಹಾಕಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈಯಿಂದ ಚೆನ್ನಾಗಿ ನಾದಿ. ಹಂಚಿಗೆ ಹಾಕಿದ ಕೂಡಲೇ ಮೇಲೆ ನೀರು ಸವರಿ. ನೀರು ಆರುತ್ತಿದ್ದಂತೆ ತಿರುವಿ ಹಾಕಿ.

ಹೋದ ನವೆಂಬರ್ 1ಕ್ಕೆ ಹೀಗೇ ಮಾಡಿದೆ. ರೊಟ್ಟಿ ಪೂರ್ತಿ ಉಬ್ಬಿತು. ಆ ಸುಟ್ಟ ವಾಸನೆಗೆ ಅವ್ವನ ಒಲೆಯ ಮುಂದೆ ಕೂತಂತಾಗಿ ಕಣ್ಣು ತುಂಬಿತು. ಇಲ್ಲೇ ಹುಟ್ಟಿದ ಮಗಳು ಕೈಯೊಡ್ಡಿ, "ಅವ್ವಾ, ಇನ್ನೊಂದು ಬಿಸಿದು ಹಾಕು" ಅಂದಳು.

ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯನ್ನು (ಚಟ್ನಿಪುಡಿ) ಮಾತ್ರ ಊರಲ್ಲೇ ಒರಳಿನಲ್ಲಿ ಕುಟ್ಟಿಸಿಕೊಂಡು ಬನ್ನಿ. ಮಿಕ್ಸರ್‌ಗೆ ಆ ರುಚಿ ಬರುವುದಿಲ್ಲ.