ಮುದಿ ನಾಯಿಗೆ ಮಸಾಜು: ನನ್ನ ಅನುಭವ

ಪುಣೆಯ ಕೋಥ್ರೂಡಿನಲ್ಲಿರುವ ನಮ್ಮ ಮನೆಯ ಲ್ಯಾಬ್ರಡಾರ್ ನಾಯಿಗೆ ವಯಸ್ಸಾದಂತೆ, ಚಳಿಗಾಲದ ಬೆಳಗುಗಳಲ್ಲಿ ಮಲಗಿದಲ್ಲಿಂದ ಏಳಲು ಅದು ತಿಣುಕತೊಡಗಿತು. ಎಕ್ಸ್‌ರೇ ನೋಡಿದ ಪಶುವೈದ್ಯರು ಸೊಂಟದ ಕೀಲು ಸವೆದಿದೆಯೆಂದು ಹೇಳಿ, ಔಷಧಿಯ ಜೊತೆಗೆ ತೂಕ ಇಳಿಸಬೇಕೆಂದೂ ಮನೆಯಲ್ಲೇ ಮಸಾಜು ಮಾಡಬಹುದೆಂದೂ ತಿಳಿಸಿ, ಕೈಯಾಡಿಸುವ ಕ್ರಮವನ್ನು ತೋರಿಸಿಕೊಟ್ಟರು.

ನೋವು ಸೊಂಟದಲ್ಲಿದ್ದರೂ ಅವರು ಮೊದಲು ನನ್ನ ಕೈ ಇಡಿಸಿದ್ದು ಭುಜದ ಮೇಲೆ. ನಿಂತ ನಾಯಿಯ ಭಾರದಲ್ಲಿ ಸುಮಾರು ಶೇಕಡ 60ರಷ್ಟನ್ನು ಮುಂಗಾಲುಗಳೇ ಹೊರುತ್ತವೆ. ಹಿಂಗಾಲು ನೋಯುವಾಗ ಅದು ಇನ್ನಷ್ಟು ಭಾರವನ್ನು ಮುಂದಕ್ಕೆ ಹಾಕುವುದರಿಂದ ಕುತ್ತಿಗೆ ಮತ್ತು ಭುಜದ ಸ್ನಾಯುಗಳು ಬಿಗಿಯುತ್ತವೆ, ತೊಡೆಯ ಸ್ನಾಯುಗಳು ಸೊರಗುತ್ತವೆ. ಆದ್ದರಿಂದ ಈಗಲೂ ಸಂಜೆಯ ಸುತ್ತಾಟ ಮುಗಿಸಿ ಬಂದ ಮೇಲೆ, ಊಟಕ್ಕೆ ಮುಂಚೆ, ಹಾಸಿನ ಮೇಲೆ ಮಲಗಿಸಿ, ಕುತ್ತಿಗೆಯಿಂದ ಬಾಲದ ಬುಡದವರೆಗೆ ಕೂದಲು ಮಲಗಿದ ದಿಕ್ಕಿನಲ್ಲೇ ಅಂಗೈಯಿಂದ ಹಗುರವಾಗಿ ನೀವುತ್ತೇನೆ. ಮೈ ಸಡಿಲವಾದ ಬಳಿಕ ಭುಜದ ಮಾಂಸಲ ಭಾಗವನ್ನು ಹೆಬ್ಬೆರಳಿನಿಂದ ಸಣ್ಣ ಸುತ್ತುಗಳಲ್ಲಿ ಒತ್ತಿ, ತೊಡೆಯನ್ನು ಮೆಲ್ಲಗೆ ನಾದುತ್ತೇನೆ. ಬೆನ್ನುಮೂಳೆಯನ್ನೂ ನೋಯುವ ಕೀಲನ್ನೂ ನೇರವಾಗಿ ಒತ್ತುವುದಿಲ್ಲ. ಹತ್ತು ಹದಿನೈದು ನಿಮಿಷ ಸಾಕು.

ಎಷ್ಟು ಒತ್ತಬೇಕೆಂಬುದನ್ನು ನಾಯಿಯೇ ಹೇಳುತ್ತದೆ. ತುಟಿ ನೆಕ್ಕಿಕೊಂಡರೆ, ತಲೆ ತಿರುಗಿಸಿ ನನ್ನ ಕೈಯನ್ನು ನೋಡಿದರೆ, ಚರ್ಮ ಅದುರಿದರೆ ಅಲ್ಲಿಂದ ಕೈ ತೆಗೆಯುತ್ತೇನೆ. ಕಣ್ಣು ಅರೆಮುಚ್ಚಿ ದೀರ್ಘವಾಗಿ ಉಸಿರುಬಿಟ್ಟರೆ ಮುಂದುವರಿಸುತ್ತೇನೆ.

“ಎಣ್ಣಿ ಇಲ್ಲದ ಎಂಥಾ ಮಾಲೀಷವಾ ಅದು, ಒಂದೀಟು ಹರಳೆಣ್ಣಿ ಹಚ್ಚು,” ಎಂದು ಧಾರವಾಡ ಕಡೆಯ ನೆರೆಮನೆಯ ಅಜ್ಜಿ ಅಕ್ಕರೆಯಿಂದ ಹೇಳುತ್ತಾರೆ. ನಾಯಿ ಮೈ ನೆಕ್ಕಿಕೊಳ್ಳುವ ಪ್ರಾಣಿ. ಹರಳೆಣ್ಣೆ ಹೊಟ್ಟೆಗೆ ಹೋದರೆ ಭೇದಿಯಾಗುತ್ತದೆ, ಟೀ ಟ್ರೀಯಂತಹ ಸುಗಂಧ ತೈಲಗಳಂತೂ ವಿಷವೇ. ಒಣಗೈ ಸಾಕು.

ಕೀಲಿನಲ್ಲಿ ಸವೆದ ಮೃದ್ವಸ್ಥಿ (ಎಲುಬಿನ ತುದಿಯ ಮೆತ್ತನೆಯ ಹೊದಿಕೆ) ಇದರಿಂದ ಮತ್ತೆ ಬೆಳೆಯುವುದಿಲ್ಲ, ನೋವಿನ ಔಷಧಿಯೂ ನಿಂತಿಲ್ಲ. ಆದರೆ ಭುಜದ ಬಿಗಿತ ಇಳಿದ ದಿನ ಅದರ ಹೆಜ್ಜೆ ಉದ್ದವಾಗುತ್ತದೆ. ನನ್ನ ಮಟ್ಟಿಗೆ ಇನ್ನೂ ದೊಡ್ಡ ಲಾಭವೆಂದರೆ, ದಿನವೂ ಮೈಯೆಲ್ಲ ಮುಟ್ಟುವ ಕೈಗೆ ಹೊಸ ಗಂಟು, ಬಿಸಿಯೇರಿದ ಜಾಗ, ಬೆರಳ ಸಂದಿಯ ಉಣ್ಣೆ ಬೇಗ ಸಿಗುತ್ತವೆ. ಅಂಥ ಗಂಟನ್ನಾಗಲಿ ಊತವನ್ನಾಗಲಿ ತಿಕ್ಕಬಾರದು. ಜ್ವರ, ತೆರೆದ ಗಾಯ, ಹಠಾತ್ತನೆ ಬಂದ ಕುಂಟು ಇದ್ದಾಗಲೂ ಮಸಾಜು ನಿಲ್ಲಿಸಿ ಪಶುವೈದ್ಯರಿಗೆ ತೋರಿಸಬೇಕು.